ಮರಿಯಪ್ಪನ ಕೈ

ನಮ್ಮೂರ ಆಸ್ಪತ್ರೆಗೆ ಹೊಸದಾಗಿ ಬರುವ ಡಾಕ್ಟರುಗಳೆಲ್ಲ ಮೊದಲ ವಾರ ನನ್ನ ಮೇಲೆ ರೇಗುತ್ತಾರೆ. ಬ್ಲೇಡು ಮೊಂಡಾಗಿದೆ ಅಂತ. ನಾನು ಎದುರಾಡುವುದಿಲ್ಲ. ಇಪ್ಪತ್ತೊಂಬತ್ತು ವರ್ಷದಿಂದ ಆಪರೇಷನ್ ಥಿಯೇಟರಿನಲ್ಲಿ ನರ್ಸಾಗಿರುವ ಈ ಜಯಶೀಲ, ದೊಡ್ಡ ದೊಡ್ಡ ಓದು ಓದಿ ಬಂದವರಿಗೆ ಬುದ್ಧಿ ಹೇಳಲು ಹೋಗುವಷ್ಟು ದಡ್ಡಿಯಲ್ಲ. ಎರಡನೇ ಬ್ಲೇಡು ಕೊಡುತ್ತೇನೆ. ಕೇಳಿದರೆ ಮೂರನೆಯದನ್ನೂ ಕೊಡುತ್ತೇನೆ. ಅವರ ಹಣೆ ಬೆವರಿ ಒದ್ದೆಯಾದ ಮೇಲೆ, "ರೋಗಿಗಿಂತ ಹಿರಿಯರು ಯಾರಾದ್ರೂ ಕೈ ಇಡಬೇಕಲ್ಲ, ಡಾಕ್ಟ್ರೇ" ಎನ್ನುತ್ತೇನೆ. ಆಮೇಲೆ ಅವರು ನನ್ನ ಮಾತು ಕೇಳುತ್ತಾರೆ.

ಇಷ್ಟೇ ಸಂಗತಿ. ನಮ್ಮೂರಲ್ಲಿ ಮನುಷ್ಯರ ಮೈಯನ್ನು ಕತ್ತಿ ಕೊಯ್ಯಬೇಕಾದರೆ ಅವರಿಗಿಂತ ಹಿರಿಯರೊಬ್ಬರ ಕೈ ಅವರ ಮೈಮೇಲಿರಬೇಕು. ಇಲ್ಲದಿದ್ದರೆ ಕತ್ತಿ ಜಾರುತ್ತದೆ, ಕತ್ತರಿ ಕಚ್ಚುವುದಿಲ್ಲ. ಕೂದಲು, ಉಗುರಿಗೂ ಇದೇ ಕಥೆ. ಸೂಜಿಗೆ ಮಾತ್ರ ಯಾರ ಹಂಗೂ ಇಲ್ಲ. ಚಿಕ್ಕವರಿಗೆ ಇದರಿಂದ ಏನೂ ಕಷ್ಟವಿಲ್ಲ. ಹುಟ್ಟಿದ ಮಗುವಿನ ಹೊಕ್ಕುಳಬಳ್ಳಿಗೆ ಯಾರ ಕೈಯಾದರೂ ಸಾಕು, ಮೂವತ್ತರವನ ಕ್ಷೌರಕ್ಕೆ ನಲವತ್ತರ ಕ್ಷೌರಿಕನ ಎಡಗೈಯೇ ಸಾಕು. ಪಡಿಪಾಟಲು ಶುರುವಾಗುವುದು ಎಪ್ಪತ್ತರ ಮೇಲೆ. ಅದಕ್ಕೇ ಇಲ್ಲಿ ಹಣ್ಣು ಹಣ್ಣು ಮುದುಕರಾದ ಕ್ಷೌರಿಕರಿಗೆ ಭಾರಿ ಬೇಡಿಕೆ. ಕೈ ನಡುಗಿ ಕಿವಿ ಕೊಯ್ಯುತ್ತಾರೆ, ಆದರೂ ಜನ ಸಾಲಾಗಿ ನಿಲ್ಲುತ್ತಾರೆ. ಮನೆಯಲ್ಲಿ ತೊಂಬತ್ತರವರಿದ್ದರೆ, ತೊಂಬತ್ತೈದರವರು ಯಾವ ಬೀದಿಯಲ್ಲಿದ್ದಾರೆ ಅಂತ ತಿಳಿದಿಟ್ಟುಕೊಂಡು, ಹಬ್ಬಕ್ಕೊಮ್ಮೆ ಹೋಗಿ ಆರೋಗ್ಯ ವಿಚಾರಿಸಿ ಬರುತ್ತಾರೆ. ಅದು ಪ್ರೀತಿಯಲ್ಲ ಅಂತ ಎರಡೂ ಕಡೆಯವರಿಗೆ ಗೊತ್ತು. ಊರಿಗೇ ಹಿರಿಯರಾದವರ ಉಗುರನ್ನು ಮಾತ್ರ ಯಾರೂ ಕತ್ತರಿಸಲಾರರು. ಹಾಗಾಗಿ ಯಾರ ಉಗುರು ಉದ್ದವೋ ಅವರೇ ಊರಿಗೆ ಹಿರಿಯರು. ಹುಟ್ಟಿದ ವರ್ಷ ಕೇಳುವುದು ನಮ್ಮಲ್ಲಿ ಮರ್ಯಾದಸ್ಥರ ಲಕ್ಷಣವಲ್ಲ.

ಹನ್ನೊಂದು ವರ್ಷದಿಂದ ಆ ಉಗುರು ದೇವೀರಮ್ಮನದು. ವಯಸ್ಸು ನೂರೊಂದು. ಒಂದೊಂದು ಉಗುರೂ ಗೇಣುದ್ದ ಬೆಳೆದು ಸುರುಳಿ ಸುತ್ತಿಕೊಂಡಿತ್ತು. ಕಲ್ಲಿಗೆ ಉಜ್ಜಿ ಸವೆಸಬಹುದಿತ್ತು, ಆದರೆ ಊರ ಹಿರಿಯಳು ಉಗುರು ಉಜ್ಜಿಕೊಂಡು ಕೂರುವುದುಂಟೇ? ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಗೆ ಬಂದು ಹಸಿರು ಗೌನು ತೊಟ್ಟು, ಉಗುರಿನ ಮೇಲೆ ನಾನೇ ಹೊಲಿದುಕೊಟ್ಟ ಬಟ್ಟೆಚೀಲ ಹಾಕಿಕೊಂಡು, ಎತ್ತರದ ಸ್ಟೂಲಿನ ಮೇಲೆ ಕೂತು ರೋಗಿಯ ತಲೆ ಮೇಲೆ ಕೈ ಇಡುವುದು ಅವಳ ಕೆಲಸ. ಈ ದೆಸೆಯಿಂದಲೇ ಅವಳ ಮೊಮ್ಮಗ ಶಿವಮಾದು ಆಸ್ಪತ್ರೆ ಕಮಿಟಿಯ ಅಧ್ಯಕ್ಷನಾಗಿದ್ದ. ಅರವತ್ತೆರಡು ವರ್ಷದ ಅವನಿಗೆ ಬೇರೆ ಯಾವ ಅರ್ಹತೆಯೂ ಇದ್ದದ್ದು ನನ್ನ ಗಮನಕ್ಕೆ ಬಂದಿಲ್ಲ.

ಆರು ತಿಂಗಳ ಹಿಂದೆ ಡಾಕ್ಟರ್ ಫರ್ಹಾನಾ ಬಂದರು. ಮೂವತ್ತನಾಲ್ಕು ವರ್ಷ, ರಕ್ತನಾಳದ ಆಪರೇಷನ್ನಿನಲ್ಲಿ ವಿಶೇಷ ಓದು. ಎಂಬತ್ತು ದಾಟಿದವರ ರಕ್ತನಾಳ ಕಟ್ಟಿಕೊಂಡರೆ, ಒಡೆದರೆ, "ಈ ವಯಸ್ಸಲ್ಲಿ ಯಾಕೆ ಡಾಕ್ಟ್ರೇ, ಬಿಟ್ಬಿಡಿ" ಎನ್ನುವುದು ನಮ್ಮೂರ ಸಂಸ್ಕೃತಿ. ಆಕೆ ಬಿಡುವ ಪೈಕಿಯಲ್ಲ. "ರೋಗೀನ ಕೇಳಿದ್ರಾ?" ಎನ್ನುತ್ತಿದ್ದರು. ಹಾಗೆ ಕೇಳಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ತೊಂಬತ್ತನಾಲ್ಕರ ಮೇಷ್ಟ್ರೊಬ್ಬರ ಕಾಲಿನ ರಕ್ತನಾಳ ಬಿಡಿಸಿದರು. ಅವರು ನಡೆದುಕೊಂಡೇ ಮನೆಗೆ ಹೋಗಿ, ಸಾರಿಗೆ ಉಪ್ಪು ಕಮ್ಮಿ ಅಂತ ಸೊಸೆಯನ್ನು ಬೈದರು. ಎಲ್ಲರೂ ಉಳಿದರು ಅಂತ ಸುಳ್ಳು ಹೇಳುವುದಿಲ್ಲ. ಉಳಿದರೆ ಡಾಕ್ಟರ ಕೈಗುಣ, ಹೋದರೆ ದೇವೀರಮ್ಮನ ಕೈಗುಣ. ಹೋದವರ ಮನೆಯವರು ತಿಂಗಳುಗಟ್ಟಲೆ ಅವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. "ತಿರುಗಿಸ್ಲಿ ಬಿಡೇ, ಕತ್ತು ನೋಯೋದು ಅವರದ್ದೇ" ಎನ್ನುತ್ತಿದ್ದಳು ಅಜ್ಜಿ.

ಇನ್ನೊಬ್ಬನ ಬಗ್ಗೆ ಹೇಳಬೇಕು. ಆಸ್ಪತ್ರೆಯ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುವ ಮರಿಯಪ್ಪ. ತಲೆಗೆ ದೊಡ್ಡ ರುಮಾಲು, ಗಡ್ಡವೇ ಮೂಡದ ಮುಖ, ಒಣಕಲು ಮೈ, ವಯಸ್ಸು ಕೇಳಿದರೆ ಎಪ್ಪತ್ತೊಂಬತ್ತು ಎನ್ನುವನು. ಮಧ್ಯಾಹ್ನ ದೇವೀರಮ್ಮ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದರೆ ಎದುರಿಗೆ ಅವನು ಹಾಜರು. ಅವಳು "ಲೇ ಮರೀ" ಅಂತ ಕೂಗುವಳು, ಅವನು "ಏನವ್ವಾ" ಅಂತ ಓಡುವನು. ಯುಗಾದಿಗೆ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿ ಎಂಟಾಣೆ ಆಶೀರ್ವಾದ ಪಡೆಯುವನು. ಅವನ ಉಗುರು ಯಾವಾಗಲೂ ಮೊಟಕು, ಆದ್ದರಿಂದ ಅವನ ಕಡೆ ಯಾರೂ ಎರಡನೇ ಸಲ ನೋಡುತ್ತಿರಲಿಲ್ಲ.

ಆವತ್ತು ಮಂಗಳವಾರ. ರೈಸ್ ಮಿಲ್ಲಿನ ಯಜಮಾನರೊಬ್ಬರ ಹರ್ನಿಯಾ ಆಪರೇಷನ್ ನಡೆದಿತ್ತು, ದೇವೀರಮ್ಮನ ಕೈ ಅವರ ಬೋಳುತಲೆಯ ಮೇಲಿತ್ತು. ಹತ್ತು ಗಂಟೆ ಹತ್ತು ನಿಮಿಷ. ಅಜ್ಜಿ ನನ್ನ ಕಡೆ ತಿರುಗಿ ಮೆಲ್ಲಗೆ, "ಜಯಶೀಲಿ, ನನ್ನ ಬಲಗಾಲು ಯಾರ್ದೋ ಆಗೋಯ್ತು ಕಣೇ" ಎಂದಳು.

"ಜೋಮು ಹಿಡಿದಿರಬೇಕು, ಕಾಲು ಆಡ್ಸಿ ಅಜ್ಜಿ."

"ಜೋಮಲ್ಲ. ಕೊಡಲಿ ಹಾಕ್ದಂಗೆ ನೋಯ್ತಾ ಇದೆ." ಮುಖದ ಮೇಲೆ ಬೆವರು ಹರಿಯುತ್ತಿತ್ತು. ಫರ್ಹಾನಾ ತಲೆ ಎತ್ತಿದರು. "ನೀನು ಹೊಲಿಗೆ ಮುಗಿಸು ಡಾಕ್ಟ್ರವ್ವ. ಈ ಮನುಷ್ಯನ ಹೊಟ್ಟೆ ತೆಗ್ದಿಟ್ಕೊಂಡು ನನ್ನ ಕಾಲು ನೋಡ್ತೀಯಾ? ನಾನೆಲ್ಲೂ ಓಡಿಹೋಗಲ್ಲ."

ನಲವತ್ತು ನಿಮಿಷ ಅವಳ ಕೈ ಆ ತಲೆಯಿಂದ ಕದಲಲಿಲ್ಲ. ಕೊನೆಯ ಗಂಟು ಹಾಕಿ ದಾರ ಕತ್ತರಿಸಿದ ಮೇಲೆ ಸ್ಟೂಲಿನಿಂದ ಜಾರಿ ನನ್ನ ಮೈಮೇಲೆ ಬಿದ್ದಳು. ಮಿಲ್ಲಿನ ಯಜಮಾನರು ಎಚ್ಚರವಾದ ಕೂಡಲೇ, ಅಜ್ಜಿಯ ಕೈ ಭಾರಕ್ಕೆ ತಲೆನೋವು ಬಂತು ಅಂತ ದೂರು ಕೊಟ್ಟರು.

ಕಾಲು ಮಂಡಿಯ ಕೆಳಗೆ ಸುಣ್ಣದ ಬಣ್ಣಕ್ಕೆ ತಿರುಗಿತ್ತು, ಮುಟ್ಟಿದರೆ ತಣ್ಣಗೆ. ಫರ್ಹಾನಾ ತೊಡೆಸಂದಿಯಲ್ಲಿ ಬೆರಳಿಟ್ಟು ನಾಡಿ ಹುಡುಕಿದರು, ಮಂಡಿಯ ಹಿಂದೆ ಹುಡುಕಿದರು, ಪಾದದ ಮೇಲೆ ಹುಡುಕಿದರು. ಎಲ್ಲೂ ಇರಲಿಲ್ಲ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು.

"ಹೃದಯ ತಾಳ ತಪ್ಪಿ ಹೊಡ್ಕೋತಾ ಇದೆ," ಎಂದರು. "ಅಲ್ಲಿ ಹೆಪ್ಪುಗಟ್ಟಿದ ರಕ್ತದ ತುಂಡು ಕೆಳಗೆ ಜಾರಿ ತೊಡೆಸಂದಿನ ರಕ್ತನಾಳದಲ್ಲಿ ಸಿಕ್ಕಿಕೊಂಡಿದೆ. ಅದನ್ನ ಆರು ಗಂಟೆಯೊಳಗೆ ತೆಗೀಬೇಕು. ಸಂಜೆ ನಾಲ್ಕು ಗಂಟೆ ದಾಟಿದ್ರೆ ಕಾಲು ಸಾಯುತ್ತೆ. ಕಾಲು ಸತ್ರೆ ಅಜ್ಜೀನೂ ಉಳಿಯಲ್ಲ." ರಕ್ತ ಮತ್ತೆ ಗಟ್ಟಿಯಾಗದಂತೆ ಸೂಜಿ ಚುಚ್ಚಿದ್ದಾಯಿತು. ಆದರೆ ಸಿಕ್ಕಿಕೊಂಡದ್ದನ್ನು ಹೊರಗೆಳೆಯಲು ಕೊಯ್ಯಲೇಬೇಕು. ಇಂಥ ಆಪರೇಷನ್ ಮಾಡುವ ಬೇರೆ ಆಸ್ಪತ್ರೆ ಒಂಬತ್ತು ಗಂಟೆಯ ದಾರಿ. ಇನ್ನು ನಮ್ಮೂರಲ್ಲಿ ದೇವೀರಮ್ಮನಿಗಿಂತ ಹಿರಿಯರು ಯಾರು? ಅವಳ ಉಗುರು ನೋಡಿದರೆ ಗೊತ್ತಾಗುತ್ತಿತ್ತಲ್ಲ, ಯಾರೂ ಇಲ್ಲ ಅಂತ.

ಶಿವಮಾದು ಬಂದ. ಬರುವಾಗಲೇ ಮುಖವನ್ನು ಶೋಕಕ್ಕೆ ಹೊಂದಿಸಿಕೊಂಡಿದ್ದ. "ನೂರೊಂದು ವರ್ಷ ತುಂಬು ಬಾಳು ಬಾಳಿದ್ದಾಳೆ, ಡಾಕ್ಟ್ರೇ. ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು, ಎಲ್ಲಾ ನೋಡಿದ್ಲು. ಇನ್ನು ಸುಮ್ನೆ ನೋವು ಯಾಕೆ ಕೊಡೋದು? ಪುಣ್ಯದ ಸಾವು ಬಂದಿದೆ, ಹೋಗ್ಲಿ."

"ಲೇ ಶಿವಮಾದು," ಎಂದಳು ಅಜ್ಜಿ ಮಂಚದಿಂದಲೇ, "ಅಷ್ಟೊಂದು ಪುಣ್ಯ ಇದ್ರೆ ನೀನೇ ಇಟ್ಕೊಳೋ. ನಂಗೆ ಸಾಯಕ್ಕೆ ಇಷ್ಟ ಇಲ್ಲ."

ವಾರ್ಡಿನಲ್ಲಿ ನಿಂತಿದ್ದವರೆಲ್ಲ ನೆಲ ನೋಡಿದರು. ನೂರೊಂದರ ಹೆಂಗಸು ಹಾಗೆಲ್ಲ ಬಾಯಿಬಿಟ್ಟು ಹೇಳಬಾರದು ಅನ್ನುವ ನಾಚಿಕೆ ಅವರಿಗೆ. ಶಿವಮಾದು ನಕ್ಕು ತೇಲಿಸಲು ನೋಡಿದ. "ಇನ್ನೇನು ಬಾಕಿ ಇದೆ ಅಜ್ಜೀ ನಿಂಗೆ?"

"ಅಟ್ಟದ ಮೇಲೆ ಗೋಣಿಚೀಲ ಸುತ್ತಿ ಹಲಸಿನಕಾಯಿ ಇಟ್ಟಿದ್ದೀನಿ. ನಾಳಿದ್ದಿಗೆ ಹಣ್ಣಾಗುತ್ತೆ. ನಾನಿಲ್ಲ ಅಂದ್ರೆ ನೀವೇ ಮುಕ್ಕಿಬಿಡ್ತೀರ." ಅವನು ಆಚೆ ಹೋದ ಮೇಲೆ ನನ್ನ ಸೆರಗು ಹಿಡಿದು ಎಳೆದಳು. ಬಟ್ಟೆಚೀಲದೊಳಗಿನ ಉಗುರುಗಳು ಕಟಕಟ ಅಂದವು. "ನಂಗೆ ಭಯ ಆಗ್ತಾ ಇದೆ ಕಣೇ ಜಯಶೀಲಿ. ಊರವ್ರಿಗೆಲ್ಲಾ ಕೈ ಇಟ್ಟೆ. ನಂಗೊಬ್ರೂ ಇಲ್ವಲ್ಲೇ." ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ, ಹಾಗಾಗಿ ಹೋಗಿ ಶಿವಮಾದುವನ್ನು ಹಿಡಿದುಕೊಂಡು ಏನಾದರೂ ಮಾಡ್ರೀ ಅಂತ ಕೂಗಾಡಿದೆ.

ಅವನು ಏನಾದರೂ ಮಾಡಿದ. ಕಮಿಟಿ ಮೀಟಿಂಗ್ ಕರೆದ. ಕಾಫಿ, ಖಾರಾಬೂಂದಿ ತರಿಸಿ ಹನ್ನೊಂದೂವರೆಗೆ ಕೂತವರು ಒಂದು ಗಂಟೆಗೆ ಎದ್ದರು. ತೊಂಬತ್ತೆಂಟರ ಒಬ್ಬರು, ತೊಂಬತ್ತೇಳರ ಇನ್ನೊಬ್ಬರು, ಇಬ್ಬರೂ ಒಟ್ಟಿಗೆ ಕೈ ಇಟ್ಟರೆ ನೂರಾ ತೊಂಬತ್ತೈದು ಆಗುತ್ತದೆ ಎನ್ನುವುದು ಅವರ ಸರ್ವಾನುಮತದ ತೀರ್ಮಾನ. ಹಾಗೂ ಆಗದಿದ್ದರೆ ದೇವೀರಮ್ಮನ ತೀರಿಹೋದ ತಾಯಿಯ ಫೋಟೋವನ್ನು ತಲೆ ಮೇಲೆ ಇಟ್ಟು ನೋಡುವುದು. ಅದೂ ಆಗದಿದ್ದರೆ ಸಂತಾಪ ಸೂಚಕ ಸಭೆಯ ಜಾಗ ನಿಗದಿ ಮಾಡುವುದು. ನಿಜ ಹೇಳಬೇಕೆಂದರೆ ಮೂರನೆಯದನ್ನು ಅವರು ಮೊದಲೇ ಮುಗಿಸಿದ್ದರು.

ಇಬ್ಬರು ಮುದುಕರನ್ನೂ ಕುರ್ಚಿಯಲ್ಲಿ ಹೊತ್ತು ತಂದರು. ಅಜ್ಜಿಯನ್ನು ಥಿಯೇಟರಿಗೆ ತಂದು ಮಲಗಿಸಿ, ತೊಡೆಸಂದಿಗೆ ಮಾತ್ರ ಮರಗಟ್ಟುವ ಸೂಜಿ ಕೊಟ್ಟು, ಎಡಕ್ಕೊಬ್ಬರು ಬಲಕ್ಕೊಬ್ಬರು ಕೈ ಇಟ್ಟರು. ಈ ವಯಸ್ಸಿನವರಿಗೆ ಪೂರಾ ಪ್ರಜ್ಞೆ ತಪ್ಪಿಸಿದರೆ ಅಪಾಯ ಅಂತ ಎಚ್ಚರವಾಗಿಯೇ ಇಟ್ಟಿದ್ದೆವು. ಫರ್ಹಾನಾ ಕತ್ತಿ ಎಳೆದರು. ಚರ್ಮದ ಮೇಲೆ ಗೆರೆ ಕೂಡ ಬೀಳಲಿಲ್ಲ. ಫೋಟೋ ಇಟ್ಟರು, ಫ್ರೇಮಿನ ಮೊಳೆ ಅಜ್ಜಿಯ ಹಣೆಗೆ ಚುಚ್ಚಿತು ಅಷ್ಟೆ. ಫರ್ಹಾನಾರ ಕಣ್ಣು ತುಂಬಿತ್ತು. ಎಲ್ಲ ಗೊತ್ತಿದ್ದೂ, ಹೊಸದಾಗಿ ಬಂದ ದಿನದ ಹಾಗೆ, "ಸಿಸ್ಟರ್, ಬ್ಲೇಡ್ ಬದಲಾಯಿಸಿ" ಎಂದರು.

ಬ್ಲೇಡು ಬದಲಾಯಿಸುವಾಗ ನನ್ನ ಕೈ ನಿಂತುಹೋಯಿತು. ಹೀಗೇ ಒಂದು ಸಲ ಮೂರು ಬ್ಲೇಡು ಬದಲಾಯಿಸಿದ್ದೆ. ನಾಲ್ಕು ವರ್ಷದ ಹಿಂದೆ ಮರಿಯಪ್ಪನ ಬೆನ್ನ ಮೇಲೆ ನಿಂಬೆಹಣ್ಣಿನಷ್ಟು ದೊಡ್ಡ ಕುರು ಎದ್ದಿತ್ತು. ಬೇಡ ಬೇಡ ಅಂದರೂ ಎಳೆದುತಂದು ಬೋರಲು ಮಲಗಿಸಿದ್ದೆವು. ದೇವೀರಮ್ಮ ಅವನ ಹೆಗಲ ಮೇಲೆ ಕೈ ಇಟ್ಟಿದ್ದಳು, ಆದರೂ ಕತ್ತಿ ಜಾರಿತ್ತು. ಆಗಿದ್ದ ಡಾಕ್ಟರು ಈ ಸಲದ ಬ್ಲೇಡಿನ ಡಬ್ಬಿಯೇ ಕೆಟ್ಟದ್ದು ಅಂತ ಕಿಟಕಿಯಾಚೆ ಎಸೆದಿದ್ದರು. ಕೊನೆಗೆ ಅಗಸೆಬೀಜದ ಬಿಸಿ ಪಟ್ಟು ಕಟ್ಟಿದ ಮೇಲೆ ಕುರು ತಾನಾಗಿ ಒಡೆದಿತ್ತು. ನಾನೂ ಬ್ಲೇಡನ್ನೇ ಬೈದಿದ್ದೆ. ದೇವೀರಮ್ಮನ ಕೈ ಇದ್ದೂ ಕತ್ತಿ ಕೊಯ್ಯಲಿಲ್ಲ ಅಂದರೆ ಮಲಗಿದ್ದವನು ಅವಳಿಗಿಂತ ಹಿರಿಯ ಅಂತ ಅರ್ಥ. ಇಷ್ಟು ಚಿಕ್ಕ ಲೆಕ್ಕ ಒಂದು ಆಸ್ಪತ್ರೆಯಷ್ಟು ಜನಕ್ಕೆ ತಿಳಿಯಲಿಲ್ಲ, ಯಾಕೆಂದರೆ ಅವನ ಉಗುರು ಮೊಟಕಾಗಿತ್ತು.

ಗೌನು ಕೂಡ ಕಳಚದೆ ಸೈಕಲ್ ಸ್ಟ್ಯಾಂಡಿಗೆ ಓಡಿದೆ. ಮರಿಯಪ್ಪ ತಗಡಿನ ಚಾವಣಿಯ ಮೂಲೆಯಲ್ಲಿ, ಬೆನ್ನು ತಿರುಗಿಸಿ ಕೂತು ಅಳುತ್ತಿದ್ದ.

"ಮರಿಯಪ್ಪ, ನಿಂಗೆಷ್ಟು ವಯಸ್ಸು?"

"ಎಪ್ಪತ್ತೊಂಬತ್ತು, ಸಿಸ್ಟರವ್ವ."

"ನಾನು ಕೆಲಸಕ್ಕೆ ಸೇರಿದಾಗ್ಲೂ ಎಪ್ಪತ್ತೊಂಬತ್ತೇ ಅಂದಿದ್ದೆ. ಆಗ ನಂಗೆ ಇಪ್ಪತ್ತೇಳು, ಈಗ ಐವತ್ತಾರು. ನಿಂಗೆ ಮಾತ್ರ ಏನು, ಕ್ಯಾಲೆಂಡರಿನವರು ರಜ ಕೊಟ್ಟಿದ್ದಾರಾ? ಕೈ ತೋರ್ಸು."

ಕೈ ಹಿಂದೆ ಬಚ್ಚಿಟ್ಟುಕೊಂಡ. ನಾನು ಎಳೆದು ನೋಡಿದೆ. ಉಗುರುಗಳ ಅಂಚು ಕತ್ತರಿಸಿದ ಹಾಗಿರಲಿಲ್ಲ. ಕಲ್ಲಿಗೆ ತೇಯ್ದು ತೇಯ್ದು ಬೆರಳ ತುದಿಯೆಲ್ಲ ದಡ್ಡುಗಟ್ಟಿತ್ತು. "ರುಮಾಲು ಬಿಚ್ಚು" ಎಂದೆ. ಅವನು ಬೇಡಿಕೊಂಡ. ನಾನೇ ಕೈ ಹಾಕಿದೆ. ರುಮಾಲಿನ ಸುತ್ತು ಬಿಚ್ಚಿಕೊಂಡ ಹಾಗೆ ಬೆಳ್ಳಗಿನ ಕೂದಲು ಇಳಿಯಿತು, ಹೆಗಲು ದಾಟಿತು, ಸೊಂಟ ದಾಟಿತು, ಕೂತವನ ಸುತ್ತ ನೆಲದ ಮೇಲೆ ಬಿತ್ತು. ಸೈಕಲ್ ಬಿಡಲು ಬಂದ ಒಬ್ಬ ಹೆಂಗಸು ಕಿರುಚಿ ಸೈಕಲ್ಲನ್ನೇ ಬೀಳಿಸಿದಳು.

"ನೂರಾ ಎಂಟು," ಎಂದ ಮರಿಯಪ್ಪ. "ಹೋದ ಮಾಗಿಗೆ ತುಂಬ್ತು."

"ಥೂ ನಿನ್ನ! ಹನ್ನೊಂದು ವರ್ಷ ಆ ಮುದುಕಿ ಕೈಲಿ ದುಡಿಸಿದ್ಯಲ್ಲೋ. ಅವಳ ಬುತ್ತಿ ತಿಂದು, ಅವಳ ಕಾಲಿಗೆ ಬಿದ್ದು! ಏಳು ಮೇಲೆ."

ಏಳಲಿಲ್ಲ. ಮಂಡಿಯ ಮೇಲೆ ತಲೆ ಇಟ್ಟುಕೊಂಡು ಹೇಳಿದ. ಹೊಳೆಯಾಚೆಯ ಹಟ್ಟಿ ಅವನದು. ಅಲ್ಲೂ ಇದೇ ಪದ್ಧತಿ. ಹೆಂಡತಿ ಕೆಂಪಮ್ಮನಿಗೆ ಎಪ್ಪತ್ತು ದಾಟಿದಾಗ ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಒಡೆದಿತ್ತು. ಅಲ್ಲಿದ್ದದ್ದು ಹುಡುಗ ಡಾಕ್ಟರು, ಹಾಗಾಗಿ ಇವನೇ ಕೈ ಇಟ್ಟ. "ಹೊಟ್ಟೆ ಅರ್ಧ ಕೊಯ್ದಿದ್ರು. ರಕ್ತ ನೋಡ್ದೆ, ಸಿಸ್ಟರವ್ವ. ಅಷ್ಟೊಂದು ರಕ್ತ. ಕೈ ತೆಗ್ದುಬಿಟ್ಟೆ. ತೆಗ್ದು ಆಚೆ ಓಡ್ಬಿಟ್ಟೆ. ಕತ್ತಿ ಅಲ್ಲೇ ನಿಂತೋಯ್ತು. ಇನ್ನೊಬ್ಬರನ್ನ ಹುಡುಕಿ ಕರ್ಕೊಂಡು ಬರೋ ಹೊತ್ಗೆ ಎಲ್ಲಾ ಮುಗ್ದಿತ್ತು." ಅದಾದ ಮೇಲೆ ಹೊಳೆ ದಾಟಿ ಬಂದ. ವಯಸ್ಸು ಹೇಳಿದರೆ ಯಾರಾದರೂ ಮತ್ತೆ ಕೈ ಇಡು ಅನ್ನುತ್ತಾರೆ ಅಂತ, ಎಪ್ಪತ್ತೊಂಬತ್ತು ತುಂಬಿದ ವರ್ಷ ಅಲ್ಲೇ ನಿಂತುಬಿಟ್ಟ. "ನನ್ನ ಕೈ ಕೊಲ್ಲೋ ಕೈ. ಅವ್ವನ ಮೇಲೆ ಇಡಲ್ಲ."

ಬೇರೆ ಯಾರಾದರೂ ಆಗಿದ್ದರೆ ಸಮಾಧಾನ ಹೇಳುತ್ತಿದ್ದರೇನೋ. ಗಡಿಯಾರ ಎರಡು ತೋರಿಸುತ್ತಿತ್ತು. "ನೀನು ಇಡದಿದ್ರೂ ಅವಳು ಸಾಯ್ತಾಳೆ," ಎಂದೆ. "ನಾಲ್ಕು ಗಂಟೆಗೆ. ಇಲ್ಲಿ ಕೂತು ಅತ್ರೆ ಅದೂ ನಿನ್ನ ಕೈಯೇ. ಇಟ್ಟ ಮೇಲೂ ಅವಳು ಹೋದ್ರೆ, ಹೋದ್ಲು ಅನ್ನಬಹುದು. ಇಡದೆ ಹೋದ್ರೆ ಏನಂತೀಯ?"  ಅವನು ಕೂದಲನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡು ನನ್ನ ಹಿಂದೆ ಬಂದ.

ಆ ಕೂದಲನ್ನು ಥಿಯೇಟರಿನ ಟೋಪಿಯೊಳಗೆ ತುರುಕಲು ನಾಲ್ಕು ಟೋಪಿ ಬೇಕಾದವು. ಬಾಗಿಲಲ್ಲಿ ಶಿವಮಾದು ಅಡ್ಡ ಬಂದು, ಸೈಕಲ್ ಸ್ಟ್ಯಾಂಡಿನವರನ್ನು ಒಳಗೆ ಬಿಡಲು ಕಮಿಟಿಯ ಒಪ್ಪಿಗೆ ಬೇಕು ಎಂದ. ನಾನು ಅವನಿಗೆ ಹೇಳಿದ ಮಾತನ್ನು ಇಲ್ಲಿ ಬರೆಯುವುದು ಬೇಡ. ಬಾಗಿಲು ಬಿಟ್ಟ.

ದೇವೀರಮ್ಮ ಮಲಗಿದ್ದಲ್ಲಿಂದಲೇ ನೋಡಿದಳು. "ಲೇ ಮರೀ, ನೀನ್ಯಾಕೋ ಬಂದೆ?"

"ಅವನಿಗೆ ನೂರಾ ಎಂಟಂತೆ ಅಜ್ಜಿ," ಎಂದೆ.

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಯುಗಾದಿಗೆ ಕಾಲಿಗೆ ಬಿದ್ಯಲ್ಲೋ, ಕಳ್ಳ ನನ್ಮಗನೇ. ನನ್ನ ಎಂಟಾಣೆ ವಾಪಸ್ ಕೊಡು."

ಅವನು ಬಿಕ್ಕಿ ಬಿಕ್ಕಿ ಅಳುತ್ತಾ ಸ್ಟೂಲು ಹತ್ತಿ, ಬಲಗೈಯನ್ನು ಅವಳ ತಲೆಯ ಮೇಲಿಟ್ಟ. ಫರ್ಹಾನಾ ಕತ್ತಿ ಎಳೆದರು. ಚರ್ಮ ಬಿರಿಯಿತು. ನನಗೆ ಉಸಿರು ಬಂತು. ಪದರ ಪದರವಾಗಿ ಬಿಡಿಸಿಕೊಂಡು ಒಳಗೆ ಹೋದರು, ಸಣ್ಣ ರಕ್ತನಾಳವೊಂದು ಸಿಡಿದು ನನ್ನ ಗೌನಿನ ಮೇಲೆ ಕೆಂಪಗೆ ಚಿಮ್ಮಿತು. ಅದೇನೂ ದೊಡ್ಡದಲ್ಲ, ನಿತ್ಯ ಆಗುವಂಥದ್ದು. ಆದರೆ ಮರಿಯಪ್ಪ ನೋಡಿಬಿಟ್ಟ. ಅವನ ಕೈ ಮೇಲೆದ್ದಿತು. ಕತ್ತರಿ ಅಲ್ಲೇ ನಿಂತಿತು, ಸಿಡಿದ ರಕ್ತನಾಳವನ್ನು ನಾನು ಬೆರಳಲ್ಲಿ ಒತ್ತಿಹಿಡಿದೆ. "ಕೈ!" ಅಂತ ಫರ್ಹಾನಾ ಕೂಗಿದರು. "ಕೈ ಇಡಿ ತಾತ!" ಅವನು ಸ್ಟೂಲಿನಿಂದ ಇಳಿಯುತ್ತಿದ್ದ, ಮುಖ ಬಾಗಿಲ ಕಡೆಗಿತ್ತು.

ದೇವೀರಮ್ಮನ ಎಡಗೈ ಮೇಲೆ ಬಂತು. ಬಟ್ಟೆಚೀಲ ಯಾವಾಗ ಕಿತ್ತೆಸೆದಿದ್ದಳೋ. ಹನ್ನೊಂದು ವರ್ಷದ ಉಗುರು ಅವನ ಮಣಿಕಟ್ಟಿಗೆ ಸುತ್ತಿ ಗಾಳದ ಹಾಗೆ ಸಿಕ್ಕಿಸಿಕೊಂಡಿತು. ಎಳೆದು ಕೈಯನ್ನು ತನ್ನ ತಲೆಯ ಮೇಲೆ ಒತ್ತಿ ಹಿಡಿದಳು. "ಎಲ್ಲಿಗೋ ಓಡ್ತೀಯ? ಒಂದ್ಸಲ ಓಡಿದ್ದು ಸಾಕಾಗ್ಲಿಲ್ವ? ನಿನ್ನ ಕೈ ಸುಮ್ನೆ ಇರ್ಲಿ, ಒತ್ತೋದು ನಾನು ಒತ್ಕೋತೀನಿ. ನಾನು ಸತ್ರೆ ಕೈ ಒತ್ಕೊಂಡೋಳು ನಾನೇ, ನೀನಲ್ಲ. ಗೊತ್ತಾಯ್ತಾ? ಆ ಕಡೆ ಗೋಡೆ ನೋಡ್ಕೊಂಡು ನಿಂತ್ಕೋ." ಅವನು ಗೋಡೆ ನೋಡಿಕೊಂಡು ನಿಂತ. ಹೊಳೆಯಾಚೆಯ ಕೆಂಪಮ್ಮನ ಕಥೆ ಅವಳಿಗೆ ಹೇಗೆ ಗೊತ್ತಾಯಿತೋ ಅಂತ ನಾನು ಆಮೇಲೆ ಕೇಳಿದ್ದೆ. ಹನ್ನೊಂದು ವರ್ಷ ಎದುರಿಗೆ ಕೂತು ಉಣ್ಣುವವನು ಯಾವುದನ್ನೋ ಬಿಟ್ಟು ಓಡಿಬಂದಿದ್ದಾನೆ ಅಂತ ತಿಳಿಯಲು ಡಾಕ್ಟರ ಓದು ಬೇಕೇನೇ ಎಂದಿದ್ದಳು.

ಐವತ್ತು ನಿಮಿಷ ಅವಳು ಹಿಡಿತ ಸಡಿಲಿಸಲಿಲ್ಲ. ಫರ್ಹಾನಾ ರಕ್ತನಾಳಕ್ಕೆ ಮೇಲೆ ಕೆಳಗೆ ಕ್ಲಿಪ್ಪು ಹಾಕಿ, ಸಣ್ಣದಾಗಿ ಸೀಳಿ, ತುದಿಯಲ್ಲಿ ಪುಟ್ಟ ಬಲೂನಿರುವ ತೆಳ್ಳನೆಯ ನಳಿಗೆಯನ್ನು ಕಾಲಿನೊಳಗೆ ಇಳಿಸಿದರು. ಬಲೂನು ಉಬ್ಬಿಸಿ ಮೆಲ್ಲಗೆ ಹಿಂದಕ್ಕೆ ಎಳೆದರು. ಜಿಗಣೆಯಂಥ ಕಪ್ಪು ತುಂಡೊಂದು ಜಾರಿ ಬಂತು. ಇನ್ನೊಂದು ಸಲ ಇಳಿಸಿದರು, ಇನ್ನೊಂದು ಚೂರು ಬಂತು. ಮೂರನೇ ಸಲ ಏನೂ ಬರಲಿಲ್ಲ, ಅದರ ಬದಲು ಬಿಸಿ ರಕ್ತ ಬಂತು. ಹೊಲಿದು ಕ್ಲಿಪ್ಪು ಬಿಚ್ಚಿದಾಗ ಮೂರು ಗಂಟೆ ಇಪ್ಪತ್ತು ನಿಮಿಷ. ಫರ್ಹಾನಾ ಪಾದದ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿಕೊಂಡರು. ಆಮೇಲೆ ನನ್ನ ಬೆರಳನ್ನು ಹಿಡಿದು ಅದೇ ಜಾಗದಲ್ಲಿಟ್ಟರು. ಅಲ್ಲಿ ನಾಡಿ ಹೊಡೆದುಕೊಳ್ಳುತ್ತಿತ್ತು, ತಾಳ ತಪ್ಪಿ, ಅವಸರವಾಗಿ. ನಾನು ಅತ್ತೆ. ಈ ಸಲ ಸಿಟ್ಟು ಬರಲಿಲ್ಲ.

ಮರಿಯಪ್ಪನ ಮಣಿಕಟ್ಟಿನಲ್ಲಿ ಉಗುರು ನಾಟಿ ಐದು ಗಾಯವಾಗಿದ್ದವು. ಕೈ ಬಿಡಿಸಲು ಅಜ್ಜಿಯ ಬೆರಳುಗಳನ್ನು ನಾನು ಒಂದೊಂದಾಗಿ ಎತ್ತಬೇಕಾಯಿತು.

ಇನ್ನು ಊರಿನವರ ವಿಚಾರ. ಅಜ್ಜಿ ಉಳಿಯುತ್ತಾಳೆ ಅಂತ ಕಮಿಟಿಯವರಿಗೆ ಮೊದಲಿನಿಂದ ಗೊತ್ತಿತ್ತಂತೆ. ಶಿವಮಾದು ಅಜ್ಜಿಯ ಹೆಣಕ್ಕೆಂದು ಆಗಲೇ ತರಿಸಿದ್ದ ಮಾಲೆಯನ್ನು ಅಂಗಡಿಗೆ ಹಿಂದಿರುಗಿಸಲಾಗದೆ 'ಅಭಿನಂದನಾ ಸಮಾರಂಭ' ಅಂತ ಬ್ಯಾನರ್ ಬರೆಸಿ ಆ ಮಾಲೆಯನ್ನು ಮರಿಯಪ್ಪನ ಕೊರಳಿಗೆ ಹಾಕಿದ. ಅವನ ಕೂದಲು ನೋಡಲು ಜನ ಸಾಲುಗಟ್ಟಿ ಬಂದರು. ಇನ್ನು ಮುಂದೆ ಅವನೇ ಕೈ ಇಡಬೇಕೆಂದು ಠರಾವು ಪಾಸಾಯಿತು; ಅವನನ್ನು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಅವನು ನನ್ನ ಹತ್ತಿರ ಬಂದು, "ಅವತ್ತು ಅವ್ವ ಹಿಡ್ಕೊಂಡಿದ್ಲು, ಸಿಸ್ಟರವ್ವ. ನಾಳೆಯಿಂದ ಯಾರು ಹಿಡ್ಕೋತಾರೆ? ನಾನು ಮತ್ತೆ ಓಡ್ತೀನಿ," ಎಂದ. ನನಗೂ ಅದೇ ಭಯವಿತ್ತು, ಆದರೆ ಅವನಿಗೆ ಹೇಳಲಿಲ್ಲ.

ಐದನೇ ದಿನ ಅಜ್ಜಿ ಹಾಸಿಗೆಯಲ್ಲಿ ಎದ್ದು ಕೂತಳು. ಹಲಸಿನಹಣ್ಣು ತಂದಿದ್ದರು, ಶಿವಮಾದು ಅರ್ಧ ಮುಕ್ಕಿ ಉಳಿದರ್ಧ ತಂದಿದ್ದ. ಎರಡು ತೊಳೆ ತಿಂದು ಕೈ ಚಾಚಿ ಹೇಳಿದಳು: "ಈಗ ಹಿರಿಯ ಸಿಕ್ಕಿದ್ದಾನಲ್ಲ. ಈ ದರಿದ್ರ ಉಗುರು ತೆಗೀರೇ. ಹನ್ನೊಂದು ವರ್ಷ ಆಯ್ತು, ನೆಟ್ಟಗೆ ಬೆನ್ನು ಕೆರ್ಕೊಂಡಿಲ್ಲ ನಾನು."

ಮರಿಯಪ್ಪನನ್ನು ಕರೆದೆ. ಹಾಸಿಗೆಯ ಪಕ್ಕ ನಿಂತು ತಲೆ ಮೇಲೆ ಕೈ ಇಟ್ಟ. ಅಜ್ಜಿಯ ಎರಡೂ ಕೈ ನನ್ನ ಹತ್ತಿರ ಇದ್ದವು, ಹಾಗಾಗಿ ಅವನನ್ನು ಯಾರೂ ಹಿಡಿದುಕೊಂಡಿರಲಿಲ್ಲ. ಒಂದೊಂದೇ ಉಗುರು ಕತ್ತರಿಸಿ ಸ್ಟೀಲಿನ ತಟ್ಟೆಗೆ ಹಾಕಿದೆ. ಹತ್ತು ಬೆರಳು ಮುಗಿಯಿತು. ಕಾಲಿಗೆ ಬಂದೆ. ಎಡಗಾಲು ಮುಗಿಸಿ, ಬಲಗಾಲಿನ ಹೆಬ್ಬೆರಳು ಹಿಡಿದೆ. ಬೆಚ್ಚಗಿತ್ತು. ದಪ್ಪ ಉಗುರು, ಮಾಂಸಕ್ಕೆ ಅಂಟಿಕೊಂಡು ಬೆಳೆದಿತ್ತು. ಕನ್ನಡಕದಲ್ಲೂ ನನಗೆ ಸರಿಯಾಗಿ ಕಾಣಲಿಲ್ಲ. ಕತ್ತರಿ ಸ್ವಲ್ಪ ಒಳಗೆ ಹೋಯಿತು.

ರಕ್ತ ಬಂತು. ತೆಳು ಮಾಡುವ ಔಷಧಿ ಕೊಡುತ್ತಿದ್ದೆವಲ್ಲ, ತೊಟ್ಟಾಗಿ ಬಂದದ್ದು ಗೆರೆಯಾಗಿ ಇಳಿದು ಬಿಳಿ ಹಾಸಿಗೆ ಬಟ್ಟೆಯ ಮೇಲೆ ಹರಡಿತು. ಕೆಂಪು ಅಂದರೆ ಕೆಂಪು. ಇಪ್ಪತ್ತೊಂಬತ್ತು ವರ್ಷದ ಅನುಭವದ ನರ್ಸು, ಉಗುರು ಕತ್ತರಿಸಲು ಬರುವುದಿಲ್ಲ.

ಅಜ್ಜಿ ಬೈಯುತ್ತಾಳೆ ಅಂತ ಕಾದೆ. ಅವಳು ಬಗ್ಗಿ ನೋಡಿದಳು, ಬೆರಳಲ್ಲಿ ಮುಟ್ಟಿ ನೋಡಿದಳು, ಆಮೇಲೆ ಬೊಚ್ಚುಬಾಯಿ ಅಗಲಿಸಿ ನಕ್ಕಳು. "ನೋಡ್ರೇ, ನೋಡ್ರೇ, ತುದೀವರೆಗೂ ಬಂದಿದೆ! ಲೇ ಮರೀ, ನೋಡೋ, ನನ್ನ ಕಾಲು ಬದುಕಿದೆ ಕಣೋ."

ನಾನು ಹತ್ತಿ ಒತ್ತಿ ಹಿಡಿದುಕೊಂಡು, ಹೆದರುತ್ತಲೇ ತಲೆ ಎತ್ತಿದೆ. ಮರಿಯಪ್ಪ ಈ ಸಲ ಗೋಡೆ ನೋಡುತ್ತಿರಲಿಲ್ಲ. ಕಣ್ಣರಳಿಸಿ ಆ ರಕ್ತವನ್ನೇ ನೋಡುತ್ತಿದ್ದ, ಮೈಯೆಲ್ಲ ಗಡಗಡ ನಡುಗುತ್ತಿತ್ತು. ಕೈ ಅವಳ ತಲೆಯ ಮೇಲೆಯೇ ಇತ್ತು.

"ಇನ್ನೂ ನಾಲ್ಕು ಬೆರಳಿದೆ, ಸಿಸ್ಟರವ್ವ," ಎಂದ. "ಕತ್ತರಿಸಿ."